ರೋಮಿನ ರಾಜನೂ ನಮ್ಮ ಮಾವನೂ

ಹಾಲೆಂಡಿನ ಡೆಲ್ಫ್ಟಿನ ಪೇಟೆಯಲ್ಲಿ ಓಲಿಬೋಲೆನ್ ಎಂಬ ಹಿಟ್ಟಿನುಂಡೆ ಕರಿದು ಸಕ್ಕರೆ ಉದುರಿಸುವ ಪರಿಮಳ ಮೂಗಿಗೆ ಬಿದ್ದರೆ ಸಾಕು, ನನಗೆ ಮಂಗಳೂರಿನ ಬಾಯಮ್ಮನ ಅಡುಗೆಮನೆ ಕಾಣುತ್ತದೆ.

ನಾನಾಗ ಚಿಕ್ಕವಳು, ಕ್ರಿಸ್ಮಸ್ಸಿಗೆ ಇನ್ನೆರಡು ದಿನ ಇತ್ತು. ಮಧ್ಯಾಹ್ನ ಪಕ್ಕದ ಮನೆಯ ಬಾಯಮ್ಮ ಎಳ್ಳು, ಕಾಯಿತುರಿ, ಸಕ್ಕರೆ ತುಂಬಿ ಕರ್ಜಿಕಾಯಿಯಂಥ ನೆವ್ರಿ ಕರಿಯುತ್ತಿದ್ದರು. ನನ್ನ ಬಾಯಲ್ಲಿ ನೀರು. ಆದರೆ ಕ್ರೈಸ್ತರ ಮನೆಯದ್ದು ತಿನ್ನಬಾರದೆಂದು ನನ್ನ ಅಜ್ಜಿಯ ಕಟ್ಟಪ್ಪಣೆ. ಅದನ್ನು ಬಾಯಮ್ಮನಿಗೆ ಹೇಳಿಯೇಬಿಟ್ಟೆ.

"ಹಿಂದೆ ನಮ್ಮವರು ಅಡಗಿ ಪ್ರಾರ್ಥನೆ ಮಾಡ್ತಿದ್ದದ್ದು ಮಗಾ," ಎಂದರು ಬಾಯಮ್ಮ. "ಮತ್ತೆ ರೋಮಿನ ರಾಜ ಶಿಲುಬೆಯ ಗುರುತು ಹಿಡ್ಕೊಂಡು ಯುದ್ಧ ಗೆದ್ದ. ಅವನೇ ಇಗರ್ಜಿ ಕಟ್ಟಿಸಿದ. ರಾಜ ಬಂದ ಮೇಲೆ ಅಧಿಕಾರಿಗಳು ಬಂದರು, ಅವರ ಹಿಂದೆ ಊರೂರೇ ಬಂತು. ನೀನೂ ರಾಜನನ್ನೇ ಹಿಡಿ. ನಿನ್ನಪ್ಪನಿಗೆ ಒಂದು ತಿನ್ನಿಸು."

"ಅಪ್ಪ ತಿಂದ್ರೆ ಯಾರು ಕೇಳ್ತಾರೆ ಬಾಯಮ್ಮ? ನಮ್ಮದು ಅಳಿಯಕಟ್ಟು, ಮನೆ ನಡೆಯೋದು ಅಮ್ಮನ ಕಡೆಯಿಂದ. ರಾಜ ಅಂದ್ರೆ ಅಮ್ಮನ ಅಣ್ಣ, ಮಾವ!"

ಬಿಸಿ ನೆವ್ರಿಯನ್ನು ಲಂಗದಲ್ಲಿ ಸುತ್ತಿಕೊಂಡು ಓಡಿದೆ. ತೊಡೆ ಸುಟ್ಟರೂ ನಿಲ್ಲಲಿಲ್ಲ. ಚಾವಡಿಯಲ್ಲಿ ಕುಳಿತಿದ್ದ ಮಾವನ ಕೈಗಿಟ್ಟೆ. ಹೊಸ್ತಿಲಲ್ಲಿ ನಿಂತ ಅಜ್ಜಿ ಕಣ್ಣು ಕೆಕ್ಕರಿಸಿದಳು. ಮಾವ ಅದನ್ನು ತಿರುಗಿಸಿ ನೋಡಿದರು, ಮೂಸಿದರು, ಕರುಂ ಎಂದು ಕಚ್ಚಿದರು.

"ಇನ್ನೂ ಉಂಟಾ?"

ಅಮ್ಮ ಬಂದಳು, ಚಿಕ್ಕಮ್ಮ ಬಂದಳು, ಅಪ್ಪನಿಗೂ ಧೈರ್ಯ ಬಂತು. ನಾನು ಮೂರು ಸಲ ಬೇಲಿ ಹಾರಿ ತಂದೆ, ದಾರಿಯಲ್ಲೇ ಎರಡು ನುಂಗಿದೆ. ಕೊನೆಗೆ ಅಜ್ಜಿಯೂ ಕೈ ಚಾಚಿದಳು.

"ಕೊಡು ಇಲ್ಲಿ. ಎಳ್ಳು ಸರಿ ಹುರಿದಿದ್ದಾಳಾ ಅಂತ ನೋಡ್ತೇನೆ, ಅಷ್ಟೇ."

ನಾಲ್ಕು ತಿಂದು ನೋಡಿದಳು.