ಕ್ರೇನಿನ ತುದಿಯಲ್ಲಿ ಹೊಟ್ಟೆ ಗುಡುಗಿದಾಗ

ಕಬ್ಬಿಣದ ತೊಲೆ ಗಾಳಿಯಲ್ಲಿ ತೂಗುತ್ತಿರುವಾಗಲೇ ಕ್ರೇನ್ ನಡೆಸುವವಳ ಹೊಟ್ಟೆ ಗುಡುಗಿತು. ಹಿಡಿಕೆಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು. ಕೆಳಗೆ, ಅರ್ಧ ಎದ್ದ ಕಟ್ಟಡದ ಮೇಲೆ, ಬೆಸುಗೆಯವರು ಕತ್ತೆತ್ತಿ ಕಾಯುತ್ತಿದ್ದರು. ಕ್ಯಾಬಿನ್ನಿನಿಂದ ನೆಲಕ್ಕಿದ್ದದ್ದು ಒಂದೇ ಉದ್ದನೆಯ ಏಣಿ. ಅದನ್ನು ಇಳಿದು ಮುಗಿಸುವಷ್ಟು ಪುರುಸೊತ್ತನ್ನು ಅವಳ ಕರುಳಿನ ಕಾಯಿಲೆ ಎಂದೂ ಕೊಟ್ಟಿರಲಿಲ್ಲ. ಅದಕ್ಕೇ ವರ್ಷವಿಡೀ ಮನೆಯಲ್ಲಿ ಕೂತಿದ್ದಳು; ಇವತ್ತಷ್ಟೇ ಮತ್ತೆ ಮೇಲೆ ಹತ್ತಿದ್ದಳು.

ರೇಡಿಯೋದಲ್ಲಿ ಮೇಸ್ತ್ರಿ ಚಿಕ್ಕಪ್ಪನ ದನಿ ಬಂತು. "ಯಾಕಮ್ಮ ನಿಲ್ಲಿಸ್ದೆ? ಹೊಟ್ಟೆನಾ? ತೊಲೆ ಕೆಳಗಿಟ್ಟು ಇಳಿದುಬಿಡು, ಬೇರೆಯವರನ್ನ ಹತ್ತಿಸ್ತೀನಿ."

"ಸ್ವಲ್ಪ ತಡಿ ಚಿಕ್ಕಪ್ಪ."

ಅವಳು ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಮೈಯ ಕಾವಲು ಕಣಗಳು ಕಳ್ಳನಿಲ್ಲದ ಮನೆಯಲ್ಲಿ 'ಕಳ್ಳ, ಕಳ್ಳ' ಎಂದು ಕೂಗಿ ಕರುಳಿಗೇ ಏಟು ಹಾಕಿಸುತ್ತಿವೆ ಎಂದಿದ್ದರು ಡಾಕ್ಟರಮ್ಮ. ಆ ಕೂಗನ್ನು ಹೊತ್ತು ತಿರುಗುವ ಅಣುವನ್ನು ದಾರಿಯಲ್ಲೇ ಹಿಡಿದುಹಾಕುವ ಮದ್ದನ್ನು ಅವಳು ತಿಂಗಳುಗಟ್ಟಲೆ ತಾನೇ ತೊಡೆಗೆ ಚುಚ್ಚಿಕೊಂಡಿದ್ದಳು. ಈಗ ಕಾದು ನೋಡಿದಳು. ಹಿಂಡುವ ನೋವಿಲ್ಲ, ತಣ್ಣನೆಯ ಬೆವರೂ ಇಲ್ಲ. ಹೊಟ್ಟೆ ಇನ್ನೊಮ್ಮೆ ಗುರುಗುಟ್ಟಿತು. ತಟ್ಟೆ ಕಂಡರೇ ಹೆದರುತ್ತಿದ್ದ ಆ ದಿನಗಳಲ್ಲಿ ಅವಳು ಮರೆತೇಬಿಟ್ಟಿದ್ದ ಸದ್ದು ಅದು. ಅವಳಿಗೆ ನಗು ಬಂತು.

"ಇದು ಹಸಿವು ಚಿಕ್ಕಪ್ಪ, ಬರೀ ಹಸಿವು," ಎನ್ನುತ್ತಾ ಅವಳು ಹಿಡಿಕೆಯನ್ನು ಮುಂದಕ್ಕೆ ಒತ್ತಿದಳು. "ತೊಲೆ ಬರ್ತಾ ಇದೆ ಅಂತ ಬೆಸುಗೆಯವರಿಗೆ ಹೇಳು. ಆಮೇಲೆ ನಿನ್ನ ಊಟದ ಡಬ್ಬಿಲಿ ನಂಗೂ ಪಾಲಿಡು."