ಗುಂಡಮ್ಮನನ್ನು ಹೆಚ್ಚುವವರು ಯಾರು?

ಕಟುಕ ಚಾಕು ಎತ್ತಿದ, ಕುಂಬಳಕಾಯಿಯ ಮುಖ ನೋಡಿದ, ಚಾಕು ಕೆಳಗಿಟ್ಟ. ಬೆಳಗಿನಿಂದ ಇದೇ ಆಟ.

"ನನ್ನ ಕೈಲಿ ಕುಯ್ಯೋಕಾಗ್ತಿಲ್ಲ ಕಣೇ," ಎಂದ ಹೆಂಡತಿಗೆ.

"ಕುಯ್ಯೋದಲ್ಲ ರೀ, ಹೆಚ್ಚೋದು. ತರಕಾರಿನ ಯಾರಾದ್ರೂ ಕುಯ್ತಾರಾ? ಅಂಗಡಿ ಮಾತು ಅಂಗಡೀಲೇ ಬಿಟ್ಟು ಬನ್ನಿ, ತಾನಾಗೇ ಕೈ ಬರುತ್ತೆ."

"ಹೆಚ್ಚೋದು, ಹೆಚ್ಚೋದು," ಎಂದು ಮಗ್ಗಿ ಒಪ್ಪಿಸುವವನಂತೆ ಹೇಳಿಕೊಂಡು ಮತ್ತೆ ಚಾಕು ಎತ್ತಿದ. ಮತ್ತೆ ಕೆಳಗಿಟ್ಟ. ಕಲ್ಲು ಮನಸ್ಸಿನವರನ್ನು ಜನ ಕಟುಕ ಎಂದು ಬೈಯುತ್ತಾರೆ; ಇವನಿಗೆ ಅದು ಬೈಗುಳವಲ್ಲ, ಅಪ್ಪನಿಂದ ಬಂದ ಕಸುಬು. ಎಂಥೆಂಥ ಕೊಬ್ಬಿದ ಟಗರುಗಳನ್ನು ಕಣ್ಣು ಮಿಟುಕಿಸದೆ ಮುಗಿಸಿದ ಆಸಾಮಿ, ಹಬ್ಬದ ದಿನ ಮನೆಯೊಳಗೆ ಒಂದು ಕಾಯಿಯ ಮುಂದೆ ಬೆವರುತ್ತಾ ನಿಂತಿದ್ದ.

ಮಗಳ ಮದುವೆ ಹೆಚ್ಚುಕಡಿಮೆ ಗೊತ್ತಾಗಿತ್ತು. ಹುಡುಗ ಒಪ್ಪಿದ್ದ. ಆದರೆ ಅವನ ತಾಯಿ ಹುಟ್ಟಿದಾಗಿನಿಂದ ಮಾಂಸ ಮುಟ್ಟದವರು, ದಾರಿಯಲ್ಲಿ ಇರುವೆ ಕಂಡರೆ ಪಕ್ಕಕ್ಕೆ ಸರಿದು ನಡೆಯುವವರು. "ಕಟುಕರ ಮನೆ ಅಲ್ವಾ..." ಎಂದು ರಾಗ ಎಳೆದಿದ್ದರಂತೆ. ಇವನಿಗೆ ರೋಷ ಉಕ್ಕಿತು. "ಹಬ್ಬದ ಊಟಕ್ಕೆ ನಮ್ಮನೆಗೇ ಬರಲಿ. ಇಡೀ ಕುಂಬಳಕಾಯಿಗೆ ಅನ್ನ, ಗೋಡಂಬಿ, ಸೊಪ್ಪು ತುಂಬಿಸಿ, ಓವನ್ನಲ್ಲಿ ಸುಟ್ಟು, ನನ್ನ ಕೈಯಾರೆ ಬಡಿಸ್ತೀನಿ. ಆಮೇಲೆ ಬೇಕಾದ್ರೆ ಬೇಡ ಅನ್ಲಿ," ಎಂದು ಹೇಳಿ ಕಳಿಸಿದ. ಮಾರುಕಟ್ಟೆಯೆಲ್ಲ ಜಾಲಾಡಿ ದಪ್ಪನೆಯದೊಂದನ್ನು ತಂದು, ಚೆನ್ನಾಗಿ ಹಣ್ಣಾಗಲೆಂದು ಅಡುಗೆಮನೆಯ ಕಿಟಕಿಯಲ್ಲಿಟ್ಟ. ಇಡುವಾಗ ಬೆನ್ನು ತಟ್ಟಿ, "ಕೂತ್ಕೋ ಗುಂಡಮ್ಮ," ಅಂದುಬಿಟ್ಟ. ಮಗಳು ಚಿಕ್ಕವಳಿದ್ದಾಗ ಅವಳನ್ನು ಕರೆಯುತ್ತಿದ್ದ ಹೆಸರು. ಯಾಕೋ ಬಾಯಿಗೆ ಬಂತು. ಕಸುಬಿನಲ್ಲಿ ಅಪ್ಪ ಕಲಿಸಿದ್ದ ಮೊದಲ ಪಾಠವೇ ಮರೆತುಹೋಗಿತ್ತು: ಕೊಯ್ಯುವುದಕ್ಕೆ ಹೆಸರಿಡಬಾರದು.

ಆಮೇಲೆ ಕೇಳಬೇಕೆ! ಗುಂಡಮ್ಮನ ಕಣ್ಣಿಗೆ ಬಿಸಿಲು ಬೀಳುತ್ತದೆಂದು ಹೆಂಡತಿ ಪರದೆ ಎಳೆದಳು, ಕಣ್ಣೆಲ್ಲಿದೆ ಎಂದು ಯಾರೂ ಕೇಳಲಿಲ್ಲ. ಮಗಳು ಕೆಲಸಕ್ಕೆ ಹೊರಟಾಗ "ಬರ್ತೀನಿ ಗುಂಡಮ್ಮ" ಅನ್ನತೊಡಗಿದಳು. ಚಳಿ ಶುರುವಾದ ಮೇಲೆ ಯಾರೋ ಉಣ್ಣೆ ಟೋಪಿ ಹಾಕಿದ್ದರು. ಹಾಕಿದ್ದು ನಾನೆಂದು ಯಾರೂ ಒಪ್ಪಿಕೊಳ್ಳಲಿಲ್ಲ, ತೆಗೆಯಲೂ ಇಲ್ಲ.

"ನೀನಾದ್ರೂ ಹೆಚ್ಚಮ್ಮಾ," ಎಂದು ಕಟುಕ ಈಗ ಮಗಳತ್ತ ಚಾಕು ಚಾಚಿದ.

"ಅಯ್ಯೋ ಹೋಗಪ್ಪಾ! ನನ್ನ ಹೆಸರು ಅವಳಿಗಿಟ್ಟು, ಈಗ ನಾನೇ ಹೆಚ್ಬೇಕಾ?"

ಬೇರೆ ಕಾಯಿ ತರೋಣವೆಂದರೆ ಹಬ್ಬ, ಒಂದು ಅಂಗಡಿಯೂ ತೆರೆದಿಲ್ಲ. "ನಮ್ಮ ಅಂಗಡಿ ಬೀಗದಕೈ ಇದೆಯಲ್ರೀ," ಅಂದ ಹೆಂಡತಿ ಗಂಡನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

ಬೀಗಿತ್ತಿಯಾಗಬೇಕಾದವರು ಮಗನ ಜೊತೆ ಒಳಗೆ ಬಂದರು. ಓವನ್ ತಣ್ಣಗಿತ್ತು, ಹಲಗೆಯ ಮೇಲೆ ಟೋಪಿ ಹಾಕಿಕೊಂಡ ಕುಂಬಳಕಾಯಿ ಕೂತಿತ್ತು. ಕಟುಕ, ಹೆಸರು ಯಾರದೆಂಬುದೊಂದನ್ನು ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೈಮುಗಿದ. "ತಪ್ಪಾಯ್ತು ತಾಯಿ. ಗುಂಡಮ್ಮನ ಮೇಲೆ ನನ್ನ ಕೈ ಏಳ್ತಿಲ್ಲ. ಮದುವೆ ವಿಷ್ಯ ಇನ್ನು ನಿಮ್ಮಿಷ್ಟ." ಹೇಳುವಾಗ ಕಣ್ಣಲ್ಲಿ ನೀರು ಬಂತು.

"ಪಾಪ, ಎಂಥ ಮೆತ್ತನೆ ಮನಸ್ಸು ನಿಮ್ದು!" ಎಂದು ಆಕೆ ಮರುಗಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಟೋಪಿ ತೆಗೆದು ಜೋಪಾನವಾಗಿ ಪಕ್ಕಕ್ಕಿಟ್ಟರು. "ಬಾ ಗುಂಡಮ್ಮ, ಬಾ ನನ್ನ ರಾಣಿ," ಎಂದು ಅದರ ಕೆನ್ನೆ ಸವರಿ, ಒಂದೇ ಏಟಿಗೆ ತಲೆ ತೆಗೆದರು. ಅಂಥ ಏಟನ್ನು ಕಟುಕ ತನ್ನ ಅಪ್ಪನ ಕೈಯಲ್ಲೂ ಕಂಡಿರಲಿಲ್ಲ.

"ಬೀಜ ಬಿಸಾಕ್ತೀರೋ, ಹುರೀತೀರೋ?" ಎಂದು ಹೊಟ್ಟೆಯೊಳಗೆ ಕೈ ಹಾಕಿ ಬಗೆಯುತ್ತಾ ಕೇಳಿದರು. ಅವನು ಗೋಡೆ ಕಡೆ ತಿರುಗಿ ನಿಂತುಬಿಟ್ಟ.

ಊಟ ತಡವಾಯಿತು, ಆದರೆ ಘಮಘಮ ಎಂದಿತು. ಮನೆಯ ಮೂವರೂ ತಟ್ಟೆ ನೋಡುತ್ತಾ ಕೂತಿದ್ದರು. ಹುಡುಗ ತಲೆಯೆತ್ತದೆ ತಿಂದ. ಅವನ ತಾಯಿ ಇನ್ನೊಂದು ಹೋಳು ಹಾಕಿಸಿಕೊಂಡರು.

"ನಮ್ಮ ಹಿತ್ತಲಲ್ಲಿ ಬೆಳೆಯೋದಕ್ಕೆಲ್ಲ ಒಂದೊಂದು ಹೆಸರಿದೆ," ಎಂದರು ಬೆರಳು ಚೀಪುತ್ತಾ. "ಹೆಸರಿಟ್ಟು, ದಿನಾ ಮಾತಾಡಿಸಿ, ಮುದ್ದು ಮಾಡಿ ಬೆಳೆಸ್ಬೇಕು. ಆಗ್ಲೇ ರುಚಿ. ಹೆಸರಿಲ್ಲದ್ದಕ್ಕೆ ನಾನು ಚಾಕು ಮುಟ್ಟಿಸೋದೇ ಇಲ್ಲ. ನೀವೂ ನಮ್ಮಂಥೋರೇ ಅಂತ ಗೊತ್ತಿರಲಿಲ್ಲ ನೋಡಿ. ಇನ್ನೇನು, ಮದುವೆ ಆಯ್ತು ಅಂತ್ಲೇ ತಿಳ್ಕೊಳ್ಳಿ." ಹಾಗೆಂದವರು ಪಕ್ಕದಲ್ಲಿ ಕೂತಿದ್ದ ಹುಡುಗಿಯ ಕೆನ್ನೆ ಸವರಿದರು. "ಏನಮ್ಮಾ, ಮನೇಲಿ ನಿನ್ನನ್ನ ಮುದ್ದಿಗೆ ಏನಂತ ಕರೀತಾರೆ?"

ಮಗಳು ಬಾಯಿ ತೆರೆಯುವಷ್ಟರಲ್ಲಿ ಕಟುಕ ಕುರ್ಚಿ ತಳ್ಳಿ ಎದ್ದು ನಿಂತ.

"ಏನಂತಾನೂ ಕರೆಯಲ್ಲ," ಎಂದ. "ಚಪ್ಪಾಳೆ ತಟ್ಟಿದ್ರೆ ಬರ್ತಾಳೆ."