ರಾಕೆಟ್ ನಿಲ್ಲಿಸಿದ ಗುಲಾಬಕ್ಕ

ಬಹಳ ಹಿಂದಿನ ಮಾತು... ದೇಶ ಬಡವಾಗಿತ್ತು, ಆಸೆ ಮಾತ್ರ ಆಕಾಶದಷ್ಟು.

ಕರಾವಳಿಯ ಒಂದು ಮೂಲೆಯಲ್ಲಿ ಪುಟ್ಟ ರಾಕೆಟ್ ಕೇಂದ್ರವಿತ್ತು. ಅಲ್ಲಿನ ರಾಕೆಟ್ ತೆಂಗಿನ ಮರಕ್ಕಿಂತ ಗಿಡ್ಡ.

ಸದ್ದು ಮಾತ್ರ ಕೇಳಬೇಡಿ... ಆಚೆ ಊರಿನ ಮರದಲ್ಲೂ ಕಾಯಿ ಉದುರುತ್ತಿತ್ತಂತೆ!

ಮೇಲಕ್ಕೆ ಹೋಗುವುದು, ಅಲ್ಲಿನ ಗಾಳಿಯ ಸಮಾಚಾರ ರೇಡಿಯೋದಲ್ಲಿ ಕೆಳಗೆ ಕಳಿಸುವುದು, ಸಮುದ್ರಕ್ಕೆ ಬೀಳುವುದು... ಅಷ್ಟೇ ಅದರ ಆಯುಸ್ಸು. ಸೌಂಡಿಂಗ್ ರಾಕೆಟ್ ಅಂತ ಅದರ ಹೆಸರು.

ಕೇಂದ್ರದ ಮುಖ್ಯಸ್ಥರು ಹಂದೆ ಸರ್. ಈ ಪುಟ್ಟದರಲ್ಲೇ ಕಲಿತು ಕಲಿತು, ಒಂದು ದಿನ ಭೂಮಿಯನ್ನು ಸುತ್ತುವ ಉಪಗ್ರಹ ಹಾರಿಸಬೇಕು ಅನ್ನುವುದು ಅವರ ಹಟ.

ಅವತ್ತು ಅದಕ್ಕೇ ಪರೀಕ್ಷೆ. ಒಂದರ ಮೇಲೊಂದು ಕೂರಿಸಿದ ಎರಡು ರಾಕೆಟ್... ಕೆಳಗಿನದು ಉರಿದು ಕಳಚಿಕೊಂಡ ಮೇಲೆ, ಮೇಲಿನದು ಆಕಾಶದಲ್ಲೇ ಹೊತ್ತಿಕೊಳ್ಳಬೇಕು.

ನೋಡಲು ರಾಜಧಾನಿಯಿಂದ ದೊಡ್ಡ ಅಧಿಕಾರಿ ಬಂದಿದ್ದರು. ಅವರು ಒಪ್ಪಿದರೆ ದೊಡ್ಡ ರಾಕೆಟ್ಟಿನ ಕೆಲಸ ಶುರು. ಇಲ್ಲದಿದ್ದರೆ ಕೇಂದ್ರಕ್ಕೆ ಬೀಗ.

"ಏನ್ರೀ ಹಂದೆ, ಏಣಿ ಹತ್ತಿದವರೆಲ್ಲ ಚಂದ್ರನ್ನ ಮುಟ್ತಾರಾ?" ಅಂತ ಅವರು ನಕ್ಕರು.

"ಏಣಿ ಹತ್ತೋಕೂ ಬಾರದವರು ಖಂಡಿತ ಮುಟ್ಟಲ್ಲ ಸರ್," ಅಂದರು ಹಂದೆ.

ಅಲ್ಲಿ ಒಂದು ಪದ್ಧತಿ ಇತ್ತು. ರಾಕೆಟ್ ಹಾರುವ ದಿನ ಕೆಂಪು ಬಾವುಟ ಏರುತ್ತಿತ್ತು, ಮೀನುಗಾರರ ದೋಣಿಗಳೆಲ್ಲ ದಡಕ್ಕೆ ಬರುತ್ತಿದ್ದವು. ಅವರ ಮುಖಂಡ, ಗುರಿಕಾರ ಸೂರಣ್ಣ ಮೈಕಿನಲ್ಲಿ ಹೇಳಿದ ಮೇಲೆಯೇ ಕೌಂಟ್‌ಡೌನ್.

ಸೂರಣ್ಣ ಹೇಳುತ್ತಿದ್ದುದು ಯಾವಾಗಲೂ ಒಂದೇ ಮಾತು: "ಕಾಂಬ ದೋಣಿಯೆಲ್ಲ ಮೇಲೆ ಬಂತ್." ಕಣ್ಣಿಗೆ ಕಾಣುವ ದೋಣಿಗಳೆಲ್ಲ ದಡ ಸೇರಿದವು ಅಂತ.

ಅವತ್ತು ಸೂರಣ್ಣನಿಗೆ ಜ್ವರ. ದೋಣಿಗಳೆಲ್ಲ ಬಂದಿವೆ ಎಂದು ಮನೆಯಿಂದಲೇ ಹೇಳಿಕಳಿಸಿದ್ದ. ಮೈಕ್ ಹಿಡಿದವರು ಹಂದೆ ಸರ್. ಅಧಿಕಾರಿಯ ಎದುರಿಗೆ ಮಾತು ಗಟ್ಟಿಯಾಗಿರಲಿ ಅಂತ, ಊರಿಗೆಲ್ಲ ಕೇಳುವ ಹಾಗೆ ಸಾರಿಬಿಟ್ಟರು...

"ಸಮುದ್ರದಲ್ಲಿ ಈಗ ಯಾರೂ ಇಲ್ಲ."

ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಗಲಾಟೆ. ಮೀನು ಮಾರುವ ಗುಲಾಬಕ್ಕ, ಬುಟ್ಟಿಯನ್ನು ದಾರಿಯಲ್ಲೇ ಬಿಟ್ಟು ಓಡಿ ಬಂದಿದ್ದಳು.

"ನಮ್ಮೋರ್ ಇನ್ನೂ ಬರ್ಲಿಲ್ಲೆ ಸಾರ್. ಯಾರೂ ಇಲ್ಲೆ ಅಂತ ಹ್ಯಾಂಗೆ ಹೇಳ್ತ್ರಿ ನೀವ್?"

ಹಂದೆ ಸರ್ ಕೈ ಎತ್ತಿದರು. ಕೌಂಟ್‌ಡೌನ್ ನಿಂತಿತು. ಗಂಡನ ಹೆಸರು ಕೇಳಿದರೆ ಆಕೆ ಹೇಳಲೊಲ್ಲಳು... ಆ ಕಡೆಯ ಹಳೆಯ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ.

ಅಷ್ಟರಲ್ಲಿ ಸೂರಣ್ಣ ಕಂಬಳಿ ಹೊದ್ದು, ನಡುಗುತ್ತಾ ಬಂದ. ಹಂದೆಯವರನ್ನು ಪಕ್ಕಕ್ಕೆ ಕರೆದ.

"ಅವ್ಳ್ ಗಂಡ ಹೆರಿಯಣ್ಣ... ಹೋದ ವರ್ಷ ತೂಫಾನಿಗೆ ದೋಣಿ ಸಮೇತ ಹೋಯ್ದ ಸಾರ್. ಹೆಣ ಸಿಕ್ಲಿಲ್ಲೆ. ಹೆಣ ಸಿಕ್ದಿದ್ರೆ, ಸತ್ತ ಅಂತ ನಾವ್ ಯಾರೂ ಹೆಂಡ್ತಿಗೆ ಹೇಳುದಿಲ್ಲೆ. ಅವ್ಳೇ ಹೇಳುವರಿಗೂ ಕಾಯೂದ್. ಅದ್ಕೇ ನಾನ್ 'ಕಾಂಬ ದೋಣಿ' ಅಂಬುದ್."

ಹಂದೆ ಸರ್ ಮೈಕಿನ ಕಡೆ ನೋಡಿದರು. ಒಬ್ಬ ಹೆಂಗಸಿಗೆ ಗಂಡನ ಸಾವನ್ನು ಅವರು ಮೈಕಿನಲ್ಲಿ ಕೂಗಿ ಹೇಳಿದ್ದರು...

ವಿಷಯ ಕೇಳಿಸಿಕೊಂಡ ಅಧಿಕಾರಿಗೆ ತಾಳ್ಮೆ ತಪ್ಪಿತು. ಗಾಳಿ ಜೋರಾಗುತ್ತಿದೆ, ಇಲ್ಲದ ದೋಣಿಗೆ ಎಷ್ಟು ಹೊತ್ತು ಕಾಯುವುದು, ಗುಂಡಿ ಒತ್ತಿ ಅಂತ ಅವಸರ ಮಾಡಿದರು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಒತ್ತಿದರೆ, ಹೆರಿಯಣ್ಣ ಇಲ್ಲ ಎಂದು ಎರಡನೇ ಸಲ ಹೇಳಿದ ಹಾಗೆ. ಒತ್ತದಿದ್ದರೆ, ಇಷ್ಟು ವರ್ಷದ ಕನಸು ಮಣ್ಣು.

ಗುಲಾಬಕ್ಕ ಗೇಟಿನ ಕಂಬಿ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಳು.

ಹಂದೆ ಸರ್ ಮತ್ತೆ ಮೈಕ್ ಎತ್ತಿಕೊಂಡರು.

"ಒಂದು ದೋಣಿ ಬರೋದು ಬಾಕಿ ಇದೆ. ಇವತ್ತು ರಾಕೆಟ್ ಹಾರಲ್ಲ."

ಅಧಿಕಾರಿ ಜೀಪು ಹತ್ತಿದರು. ಹಗಲಿರುಳು ದುಡಿದಿದ್ದ ಎಂಜಿನಿಯರುಗಳು ಹಂದೆಯವರ ಮುಖ ನೋಡಲಿಲ್ಲ. ಒಬ್ಬ ಗೋಡೆಗೆ ಹಣೆ ಒತ್ತಿಕೊಂಡು ಅತ್ತ.

ಮಾರನೆಯ ಬೆಳಗ್ಗೆ ಗುಲಾಬಕ್ಕ ಮತ್ತೆ ಬಂದಳು.

ಹಣೆ ಬರಿದು... ಕೈ ಬರಿದು... ಬಳೆ ಒಡೆದ ಕಡೆ ಹಸಿ ಗಾಯ.

"ನನ್ನೊಬ್ಳಿಗೋಸ್ಕರ ಅಷ್ಟ್ ದೊಡ್ಡದನ್ನ್ ನಿಲ್ಸಿದ್ರಿ ಸಾರ್. ಅವ್ರಿಗೆ ಅಷ್ಟ್ ಮರ್ಯಾದಿ ಸಿಕ್ತಲೇ, ಸಾಕ್. ಇನ್ನ್ ನಾನೇ ಹೇಳ್ತೆ... ಸಮುದ್ರದಗೆ ಯಾರೂ ಇಲ್ಲೆ. ರಾಕೆಟ್ ಬಿಡಿ."

ಅವತ್ತು ರಾಕೆಟ್ ಹಾರಿತು. ಮೇಲಿನದು ಆಕಾಶದಲ್ಲೇ ಹೊತ್ತಿಕೊಂಡಿತು, ಲೆಕ್ಕ ಹಾಕಿದ ಹಾಗೆಯೇ! ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೋಡಬೇಕಾದವರು ಆಗಲೇ ಹೊರಟುಹೋಗಿದ್ದರು.

ಆ ವರ್ಷವೇ ಕೇಂದ್ರಕ್ಕೆ ಬೀಗ ಬಿತ್ತು.

ಕಲಿತ ಕೈಗಳಿಗೆ ಬೀಗ ಹಾಕುವವರು ಯಾರು? ಅದೇ ಎಂಜಿನಿಯರುಗಳು ಬೇರೆ ಊರಿಗೆ ಹೋದರು. ವರ್ಷಗಟ್ಟಲೆ ರಾಕೆಟ್ ಬೀಳಿಸಿದರು, ಸುಟ್ಟರು, ಮತ್ತೆ ಕಟ್ಟಿದರು. ಕೊನೆಗೊಂದು ದಿನ ಅವರ ದೊಡ್ಡ ರಾಕೆಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಸಮಾರಂಭಕ್ಕೆ ಹಂದೆ ಸರ್‌ಗೆ ಕರೆ ಬರಲಿಲ್ಲ. ಮುದುಕರಾಗಿದ್ದ ಅವರು ಬಸ್ಸು ಹತ್ತಿ ಗುಲಾಬಕ್ಕನ ಗುಡಿಸಲಿಗೆ ಹೋದರು.

ಈ ಉಪಗ್ರಹ ನಮ್ಮ ಹಳೆಯ ರಾಕೆಟ್ಟಿನ ಹಾಗೆ ಸಮುದ್ರಕ್ಕೆ ಬೀಳುವುದಿಲ್ಲ, ಮೇಲೆಯೇ ಸುತ್ತುತ್ತಿರುತ್ತದೆ ಅಂತ ವಿವರಿಸಿದರು.

ಆಕೆ ತುಂಬಾ ಹೊತ್ತು ಆಕಾಶ ನೋಡಿದಳು...

"ಹಂಗಾರೆ ಅದ್ ತಿರ್ಗಿ ಬಪ್ಪುದಿಲ್ಯಾ?"

"ಇಲ್ಲಮ್ಮ."

"ಪಾಪ... ಅದನ್ನ್ ಕಾಯೂಕೆ ಯಾರಾರೂ ಇದ್ರಾ?"

ಹಂದೆ ಸರ್ ಆಕೆಯ ಪಕ್ಕ ಕೂತರು.

"ಇದ್ದಾರಮ್ಮ. ಅದು ನಮ್ಮ ತಲೆ ಮೇಲೆ ಹಾದುಹೋಗುವಾಗೆಲ್ಲ, ಅದರ ದನಿ ಕೇಳೋಕೆ ಕೆಳಗೆ ಜನ ಕೂತಿರ್ತಾರೆ."

"ಹಂಗಾರ್ ಅಡ್ಡಿಲ್ಲೆ," ಅಂದು ಗುಲಾಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

*

ದಡದಲ್ಲಿ ಕಾಯುವವರ ನೋವಿಗೆ ಒಂದು ದಿನ ನಿಲ್ಲಬಲ್ಲವರ ಕೆಲಸ, ತಡವಾದರೂ ಆಕಾಶ ಮುಟ್ಟುತ್ತದೆ.

ನಿಮ್ಮ ಅವಸರದಲ್ಲಿ ನೀವು "ಯಾರೂ ಇಲ್ಲ" ಅಂದ ಕಡೆ, ಯಾರಾದರೂ ಇನ್ನೂ ಕಾಯುತ್ತಾ ಕೂತಿದ್ದಾರಾ...?